ಉಲ್ಕೆ ನೋಡಲು ಆಗಸ್ಟ್ ಬೇಡ, ಡಿಸೆಂಬರಿಗೆ ಕಾಫಿ ಕಣದಲ್ಲಿ ಮಲಗಿ

ಸೋಮವಾರಪೇಟೆ ಅಕ್ಕ ಕೇಳಿದ್ದಾರೆ: ಉಲ್ಕಾಮಳೆ ಅಂತ ಸುದ್ದಿ ಓದಿ ಆಗಸ್ಟಿನಲ್ಲಿ ಮಕ್ಕಳ ಜೊತೆ ನಡುರಾತ್ರಿವರೆಗೆ ಕೂತರೂ ಒಂದೂ ಕಾಣಲಿಲ್ಲ, ಇದನ್ನೆಲ್ಲ ಮೊದಲೇ ಹೇಳಲು ನಿಜವಾಗಿ ಆಗುತ್ತದಾ ಎಂದು.

ಆಗುತ್ತದೆ ಅಕ್ಕಾ. ಆಗಸ್ಟಿನ ಪರ್ಸೀಡ್ಸ್ ಉಲ್ಕಾಮಳೆ ಮಾತ್ರ ನಮ್ಮ ಪಾಲಿಗಿಲ್ಲ. ಆ ತಿಂಗಳು ಕೊಡಗಿನಲ್ಲಿ ಆಕಾಶ ಎಲ್ಲಿ ಬಿಡುತ್ತದೆ?

ಧೂಮಕೇತು ಸೂರ್ಯನ ಹತ್ತಿರ ಬಂದಾಗಲೆಲ್ಲ ದೂಳು ಉದುರಿಸಿಕೊಂಡು ಹೋಗುತ್ತದೆ. ತೋಟದ ಕೆಸರು ದಾರಿಯಲ್ಲಿ ಜೀಪು ಹತ್ತು ಸಲ ಓಡಾಡಿದರೆ ಚಕ್ರದ ಗುರುತು ಒಂದರ ಪಕ್ಕ ಒಂದು ಬೀಳುವುದಿಲ್ಲವೇ, ಹಾಗೆ ಒಂದೊಂದು ಸುತ್ತಿನ ದೂಳಿಗೂ ಬೇರೆಯದೇ ಸಾಲು. ಭೂಮಿ ಪ್ರತಿವರ್ಷ ಆ ದಾರಿಯನ್ನು ದಾಟುತ್ತದೆ, ಆಗ ದೂಳು ನಮ್ಮ ಗಾಳಿಗೆ ನುಗ್ಗಿ ಉರಿಯುವುದೇ ಉಲ್ಕೆ. ಸಾಲುಗಳ ಮಧ್ಯೆ ಹಾದರೆ ನಾಲ್ಕಾರು ಉಲ್ಕೆ, ಸಾಲಿನ ಮೇಲೇ ಹಾದರೆ ಸುರಿಮಳೆ.

ಸಿಂಹ ರಾಶಿಯ ಲಿಯೊನಿಡ್ಸ್ ಉಲ್ಕಾಮಳೆಯ ಕಥೆ ಕೇಳಿ. ಅದರ ಮೂಲ ಟೆಂಪಲ್-ಟಟಲ್ ಧೂಮಕೇತು, 33 ವರ್ಷಕ್ಕೊಮ್ಮೆ ಬರುತ್ತದೆ. 1833ರಲ್ಲಿ ಅಮೆರಿಕದಲ್ಲಿ, 1866ರಲ್ಲಿ ಯುರೋಪಿನಲ್ಲಿ ಸುರಿಯಿತು. ಅದೇ ಲೆಕ್ಕ ಹಿಡಿದು 1899ರಲ್ಲಿ ಜನ ರಾತ್ರಿಯಿಡೀ ಕಾದರು, ಬರಲಿಲ್ಲ. ಗುರು ಮತ್ತು ಶನಿಗ್ರಹಗಳ ಸೆಳೆತಕ್ಕೆ ದೂಳು ಪಕ್ಕಕ್ಕೆ ಸರಿದಿತ್ತು. ನೂರು ವರ್ಷದ ಮೇಲೆ ಖಗೋಳ ವಿಜ್ಞಾನಿಗಳಾದ ಡೇವಿಡ್ ಆಶರ್, ರಾಬರ್ಟ್ ಮೆಕ್‌ನಾಟ್ ಒಂದೊಂದೇ ಸಾಲನ್ನು ಬಿಡಿಸಿ, ಗ್ರಹಗಳ ಸೆಳೆತವನ್ನೂ ಸೇರಿಸಿ ಲೆಕ್ಕ ಹಾಕಿದರು. 1999ರ ನವೆಂಬರ್ 18ರ ಮಳೆ ಅವರು ಹೇಳಿದ ಸಮಯಕ್ಕೆ ಹತ್ತು ನಿಮಿಷದ ಒಳಗೇ ಬಂತು! ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಆಗ ನಮ್ಮಲ್ಲಿ ಬೆಳಿಗ್ಗೆ ಏಳೂವರೆ, ಬಿಸಿಲು ಬಂದಾಗಿತ್ತು.

ಹಾಗಾಗಿ ಸುದ್ದಿಯಲ್ಲಿ ಮೊದಲು ಗಂಟೆ ನೋಡಿ. ವಿಶ್ವ ಸಮಯ (UT) ಕೊಟ್ಟಿದ್ದರೆ ಐದೂವರೆ ಗಂಟೆ ಕೂಡಿಸಿ. ಸಮಯದ ಲೆಕ್ಕವನ್ನು ನಂಬಬಹುದು, ಎಷ್ಟು ಬೀಳುತ್ತದೆ ಎನ್ನುವುದನ್ನು ಅಷ್ಟು ನಂಬಬೇಡಿ. 1995ರಲ್ಲಿ ಒಡೆದುಹೋದ ಶ್ವಾಸ್‌ಮನ್-ವಾಕ್‌ಮನ್ 3 ಧೂಮಕೇತುವಿನ ದೂಳು 2022ರ ಮೇ 31ರಂದು ಹೇಳಿದ ಹೊತ್ತಿಗೇ ಬಂತು, ಆದರೆ ಬಿರುಮಳೆಯಾಗದೆ ಬರೀ ತುಂತುರು. "ಗಂಟೆಗೆ 150" ಎಂದು ಬರೆದರೂ ಅದು ಕಗ್ಗತ್ತಲಿನಲ್ಲಿ, ಉಲ್ಕೆ ಹೊಮ್ಮುವ ಬಿಂದು ನೆತ್ತಿಯ ಮೇಲಿದ್ದಾಗಿನ ಲೆಕ್ಕ. ನಮಗೆ ಅದರ ಅರ್ಧ ಸಿಕ್ಕರೂ ಹಬ್ಬವೇ.

ನಮಗೆ ಒದಗುವುದು ಡಿಸೆಂಬರ್ 13, 14ರ ಜೆಮಿನಿಡ್ಸ್ ಉಲ್ಕಾಮಳೆ. ಇದರ ಮೂಲ ಫೇಥಾನ್, 1983ರಲ್ಲಿ ಪತ್ತೆಯಾದ ಕ್ಷುದ್ರಗ್ರಹ. 33 ವರ್ಷ ಕಾಯಬೇಕಿಲ್ಲ, ವರ್ಷವೂ ತಪ್ಪದೆ ಬರುತ್ತದೆ. ಪುನರ್ವಸುವಿನ ಜೋಡಿ ನಕ್ಷತ್ರದ ಹತ್ತಿರದಿಂದ ಹೊಮ್ಮುವ ಹಾಗೆ ಕಾಣುತ್ತದೆ. ರಾತ್ರಿ ಹತ್ತಕ್ಕೇ ಶುರು ಮಾಡಬಹುದು, ಎರಡು ಗಂಟೆ ಸುಮಾರಿಗೆ ಜೋರು. ಹುತ್ತರಿ ಹುಣ್ಣಿಮೆ ಆ ಆಸುಪಾಸಿನಲ್ಲೇ ಬಿದ್ದರೆ ಬೆಳದಿಂಗಳಿಗೆ ಸಣ್ಣ ಉಲ್ಕೆಗಳೆಲ್ಲ ಮುಳುಗಿಹೋಗುತ್ತವೆ, ಪಂಚಾಂಗ ನೋಡಿಕೊಳ್ಳಿ.

ಮನೆ ಪಕ್ಕದ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ಟಾರ್ಪಾಲು ಹಾಸಿ, ಕಂಬಳಿ ಹೊದ್ದು ಅಂಗಾತ ಮಲಗಿ. ಗದ್ದೆ ಬಯಲಿನಲ್ಲಿ ಮಂಜು ಬೇಗ ತುಂಬುತ್ತದೆ, ದಿಣ್ಣೆಯ ಮೇಲಿನ ಕಣವಾದರೆ ಇನ್ನೂ ಒಳ್ಳೆಯದು. ಕತ್ತಲೆ ಹುಡುಕಿಕೊಂಡು ತೋಟದೊಳಗೆ ಮಾತ್ರ ಹೋಗಬೇಡಿ, ಆನೆ ಎಲ್ಲಿರುತ್ತದೋ ಹೇಳಲಾಗದು. ಅಂಗಳದ ಲೈಟು ಆರಿಸಿ, ಮೊಬೈಲು ಒಳಗಿಡಿ. ಕಣ್ಣು ಕತ್ತಲಿಗೆ ಹೊಂದಲು ಅರ್ಧ ಗಂಟೆ ಬೇಕು.

ಮಕ್ಕಳ ಕೈಗೆ ನೋಟುಬುಕ್ ಕೊಡಿ. ಹದಿನೈದು ನಿಮಿಷಕ್ಕೊಮ್ಮೆ ಎಣಿಕೆ ಬರೆಯಲಿ, ಮೋಡ ಬಂದದ್ದನ್ನೂ ಬರೆಯಲಿ. ಒಂದೂ ಬೀಳದಿದ್ದರೆ ಸೊನ್ನೆ ಹಾಕಲಿ. ಬೆಳಿಗ್ಗೆ ಇಲ್ಲಿ ಹಾಕಿ, ನಮ್ಮ ಕಣದ ಲೆಕ್ಕದ ಜೊತೆ ಹೋಲಿಸಿ ನೋಡೋಣ.