ನದಿಯನ್ನು ಹಿಂಬಾಲಿಸಬೇಡಿ, ದಾಟಿ

ಹಿಂದಿನ ಸಂಚಿಕೆಯಲ್ಲಿ ರೈನ್ ನದಿಯ ಗಡಿಯೂರುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ನಡುವಿನ ಆ ಊರುಗಳಲ್ಲಿ ಆರು ವರ್ಷ ನೌಕರಿ ಮಾಡಿಕೊಂಡು, ಭಾನುವಾರವೆಲ್ಲ ಸೈಕಲ್ ತುಳಿದವಳು ನಾನು. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರಗಳು ಬರುತ್ತವೆ ಎಂದುಕೊಂಡಿರಲಿಲ್ಲ. ಈ ಸಲ ಬೇರೆ ವಿಷಯವಿಲ್ಲ, ಅದೇ ನದಿ.

*ಮೇಡಂ, ನನಗೆ ಐವತ್ತೆಂಟು ವರ್ಷ. ವಾರಕ್ಕೆ ಮೂರು ದಿನ ನಲವತ್ತು ಕಿಲೋಮೀಟರ್ ತುಳಿಯುತ್ತೇನೆ. ಜೂನ್‌ನಲ್ಲಿ ಷಾಫ್‌ಹೌಸೆನ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ಅಲ್ಲಿಂದ ರೈನ್ ದಂಡೆಯಗುಂಟ ಬಾಸೆಲ್ ತನಕ ಒಂದೇ ದಿನದಲ್ಲಿ ಹೋಗಬೇಕೆಂಬ ಆಸೆ. ಆದೀತೇ? – ಹೊರಟು ನಿಂತ ಅಪ್ಪ*

ಆದೀತು. ಆದರೆ ಸಂಜೆ ನಿಮಗೆ ನೆನಪಿರುವುದು ಬೆನ್ನುನೋವು ಮಾತ್ರ. ಮೊದಲ ವರ್ಷ ನಾನೂ ಹಾಗೆಯೇ ದಂಡೆಗೆ ಅಂಟಿಕೊಂಡು ಓಡಿದೆ. ದಾರಿಯಲ್ಲಿ ಸಿಕ್ಕ ಸೇತುವೆಗಳನ್ನೆಲ್ಲ ಬದಿಯಿಂದ ನೋಡಿದೆನೇ ಹೊರತು ಒಂದನ್ನೂ ದಾಟಲಿಲ್ಲ. ಆ ಸೀಮೆಯ ಸ್ವಾರಸ್ಯವೆಲ್ಲ ಇರುವುದು ದಾಟುವುದರಲ್ಲಿ.

ನೀವು ಷಾಫ್‌ಹೌಸೆನ್‌ನಿಂದ ಹೊರಟು ಷಾಫ್‌ಹೌಸೆನ್‌ಗೇ ಮರಳುವ ಸುತ್ತು ಹಾಕಿ. ಸುಮಾರು 60 ಕಿಲೋಮೀಟರ್. ಬೆಳಿಗ್ಗೆ ನದಿಯನ್ನು ಬಲಕ್ಕಿಟ್ಟುಕೊಂಡು ಪೂರ್ವಕ್ಕೆ ಹೋದರೆ ಮೊದಲು ಬ್ಯೂಸಿಂಗೆನ್. ಅದು ಜರ್ಮನಿಯ ಊರು, ಆದರೆ ಸುತ್ತ ನಾಲ್ಕೂ ಕಡೆ ಸ್ವಿಟ್ಜರ್ಲೆಂಡ್. ಅದನ್ನು ಬಿಟ್ಟು ಒಂದು ಕಿಲೋಮೀಟರಿಗೂ ಕಡಿಮೆ ಅಗಲದ ಸ್ವಿಸ್ ಪಟ್ಟಿ ದಾಟಿದರೆ ಮತ್ತೆ ಜರ್ಮನಿಯ ಗೈಲಿಂಗೆನ್. ಅಲ್ಲಿ ದಂಡೆಗೆ ಇಳಿದು ಮರದ ಸೇತುವೆಯ ಮೇಲೆ ಆಚೆಗೆ ಹೋದರೆ ಸ್ವಿಟ್ಜರ್ಲೆಂಡಿನ ಡೀಸೆನ್‌ಹೋಫೆನ್.

ಈ ಸೇತುವೆಯ ಬಳಿ ತುಸು ನಿಲ್ಲಿ. ಅದಕ್ಕೆ ಮನೆಗಿರುವಂತೆ ಮಾಡು ಇದೆ, ಗೋಡೆಗಳಿವೆ. ಬಿಸಿಲಿನಿಂದ ಒಮ್ಮೆಲೇ ಒಳಹೊಕ್ಕರೆ ಎರಡು ಮೂರು ಕ್ಷಣ ಏನೂ ಕಾಣುವುದಿಲ್ಲ; ತಂಪು ಕನ್ನಡಕವನ್ನು ಹೊರಗೇ ತೆಗೆದುಬಿಡಿ. ಟೈರಿನ ಕೆಳಗೆ ಸದ್ದು ಬದಲಾಗುತ್ತದೆ. ಡಾಂಬರಿನ ಮೇಲಿನ ಸರ್ ಎಂಬ ಸದ್ದು ಹೋಗಿ ದಡದಡ ಎಂದು ಸಣ್ಣ ಡೋಲಿನಂತೆ ಕೇಳುತ್ತದೆ. ಗೋಡೆಯ ಕಿಂಡಿಯಲ್ಲಿ ಇಣುಕಿದರೆ ಹಸಿರು ನೀರು, ಆ ನೀರಿನ ನಡುವೆಯೇ ಎಲ್ಲೋ ಎರಡು ದೇಶಗಳ ಗಡಿ. ನನಗಂತೂ ಆ ಗಡಿ ಒಂದು ದಿನವೂ ಕಣ್ಣಿಗೆ ಬೀಳಲಿಲ್ಲ.

ಮುಂದೆ ಸ್ಟೈನ್ ಆಮ್ ರೈನ್. ಗೋಡೆಗಳ ತುಂಬ ಚಿತ್ರ ಬರೆದ ಮನೆಗಳಿಗೆ ಹೆಸರಾದ ಊರು. ಹತ್ತು ಗಂಟೆಯ ಮೇಲೆ ಪ್ರವಾಸಿಗರ ಸಂತೆ ಸೇರುತ್ತದೆ, ಅಷ್ಟರೊಳಗೆ ನೋಡಿ ಹೊರಡಿ. ಅಲ್ಲಿ ನದಿಗೆ ಬೆನ್ನು ಹಾಕಿ ದಕ್ಷಿಣಕ್ಕೆ ತಿರುಗಿದರೆ ಸ್ಟಾಮ್‌ಹೈಮ್, ಓಸಿಂಗೆನ್, ಮಾರ್ಟಾಲೆನ್. ಇಲ್ಲಿಂದ ದಾರಿ ಅಲೆಯಂತೆ ಏಳುತ್ತ ಬೀಳುತ್ತ ಹೋಗುತ್ತದೆ. ಬಿಯರಿಗೆ ಹಾಕುವ ಹಾಪ್ ಬಳ್ಳಿ ಎತ್ತರದ ಕಂಬಗಳಿಗೆ ಹಬ್ಬಿರುವುದನ್ನು ಸ್ಟಾಮ್‌ಹೈಮ್‌ನಲ್ಲಿ ನೋಡುತ್ತೀರಿ. ಮಾರ್ಟಾಲೆನ್‌ನಲ್ಲಿ ಮರದ ಚೌಕಟ್ಟು ಹೊರಗೆ ಎದ್ದು ಕಾಣುವ ಹಳೆಯ ಮನೆಗಳ ಸಾಲು. ಅಲ್ಲಿಂದ ರೈನಾವ್. ನದಿ ಹಾವಿನಂತೆ ಸುತ್ತಿಕೊಂಡ ಜಾಗ, ನಡುಗಡ್ಡೆಯಲ್ಲಿ ಮಠ. 1804ರ ಇನ್ನೊಂದು ಮರದ ಸೇತುವೆ ದಾಟಿದರೆ ಜರ್ಮನಿಯ ಆಲ್ಟೆನ್‌ಬುರ್ಗ್, ಮತ್ತೆ ಸ್ವಿಟ್ಜರ್ಲೆಂಡಿಗೆ ಬಂದರೆ ನಾಯ್‌ಹೌಸೆನ್‌ನ ಜಲಪಾತ. ಎತ್ತರ 23 ಮೀಟರ್ ಮಾತ್ರ, ಅಗಲ 150 ಮೀಟರ್. ಜೂನ್‌ನಲ್ಲಿ ಆಲ್ಪ್ಸ್‌ನ ಹಿಮ ಕರಗಿ ನೀರು ತುಂಬಿರುತ್ತದೆ, ನಿಮ್ಮ ಅದೃಷ್ಟ. ಒಂದೇ ದಿನದಲ್ಲಿ ಆರು ಸಲ ಗಡಿ ದಾಟಿ ಮಗಳ ಮನೆಯ ಊಟಕ್ಕೆ ಮುಟ್ಟುತ್ತೀರಿ. ಬಾಸೆಲ್‌ಗೆ ರೈಲಿನಲ್ಲಿ ಹೋಗಿ.

*ನದಿ ಹರಿಯುವ ದಿಕ್ಕಿನಲ್ಲೇ ಹೋದರೆ ಇಡೀ ದಾರಿ ಇಳಿಜಾರಲ್ಲವೇ? ಗೇರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದೇಕೆ? – ಲೆಕ್ಕದ ಮೇಷ್ಟ್ರು*

ಮೇಷ್ಟ್ರೇ, ಲೆಕ್ಕವನ್ನೇ ಹಾಕೋಣ. ರೈನ್ ಹೊರಟು ಬರುವ ಕೋನ್‌ಸ್ಟಾನ್ಸ್ ಸರೋವರದ ನೀರಿನ ಮಟ್ಟ ಸಮುದ್ರದಿಂದ ಸುಮಾರು 395 ಮೀಟರ್, ಬಾಸೆಲ್ ಬಳಿ ನದಿ ಸುಮಾರು 245 ಮೀಟರ್. ರೈನ್‌ನ ಕಿಲೋಮೀಟರ್ ಎಣಿಕೆ ಶುರುವಾಗುವುದೇ ಕೋನ್‌ಸ್ಟಾನ್ಸ್ ಸೇತುವೆಯಿಂದ. ಬಾಸೆಲ್‌ನ ನಡುಸೇತುವೆಯ ಬಳಿ ಅದು 166 ದಾಟಿರುತ್ತದೆ. ಅಂದರೆ ಕಿಲೋಮೀಟರಿಗೆ ಒಂದು ಮೀಟರ್ ಇಳಿಜಾರೂ ಇಲ್ಲ, ಅದರಲ್ಲೂ 23 ಮೀಟರನ್ನು ಜಲಪಾತವೇ ನುಂಗುತ್ತದೆ. ಆ ಇಳಿಜಾರು ನೀರಿಗೆ ಸಾಕು, ನಿಮ್ಮ ಕಾಲಿಗೆ ಸಾಲದು. ಸಾಲದ್ದಕ್ಕೆ ರಸ್ತೆ ಆಗಾಗ ದಂಡೆ ಬಿಟ್ಟು ದಿಬ್ಬ ಹತ್ತುತ್ತದೆ.

ದೊಡ್ಡ ಘಟ್ಟ ಹತ್ತುವವರಿಗೆ ಒಂದು ಅನುಕೂಲವಿದೆ: ಉಸಿರು ಒಂದು ಲಯಕ್ಕೆ ಬಂದರೆ ಅದರಲ್ಲೇ ಸಾಗಬಹುದು. ಸಣ್ಣ ದಿಬ್ಬಗಳಲ್ಲಿ ಲಯ ಕೂರುವ ಮೊದಲೇ ಏರು ಮುಗಿದಿರುತ್ತದೆ. ಇಳಿಜಾರಿನಲ್ಲಿ ದಣಿವಾರುವಷ್ಟರಲ್ಲಿ ಮುಂದಿನದು ಎದುರಾಗುತ್ತದೆ. ಮೊದಲ ಐದನ್ನು ಜಿದ್ದಿಗೆ ಬಿದ್ದು ಹತ್ತಿದವರು ಹನ್ನೊಂದನೆಯದರಲ್ಲಿ ಇಳಿದು ತಳ್ಳುವುದನ್ನು ನೋಡಿದ್ದೇನೆ. ಇಳಿಜಾರಿನ ಕೊನೆಯಲ್ಲಿ ತುಳಿಯುವುದನ್ನು ನಿಲ್ಲಿಸಬೇಡಿ, ಆ ವೇಗವೇ ಮುಂದಿನ ಏರಿನ ಅರ್ಧವನ್ನು ತೀರಿಸುತ್ತದೆ. ಗೇರನ್ನು ಏರಿನ ಬುಡದಲ್ಲೇ, ಕಾಲು ಹಗುರಾಗಿರುವಾಗಲೇ ಬದಲಿಸಿ. ನಡುವೆ ಒತ್ತಡದಲ್ಲಿ ಬದಲಿಸಿದರೆ ಚೈನ್ ಕಟಕಟ ಎಂದು ಬೈಯುತ್ತದೆ. ಮುಂದೆ 34 ಹಲ್ಲು, ಹಿಂದೆ 32 ಹಲ್ಲಿನ ಗೇರ್ ಇದ್ದರೆ ನಮ್ಮಂಥ ವಯಸ್ಸಿನವರಿಗೆ ಮರ್ಯಾದೆ ಉಳಿಯುತ್ತದೆ.

ಇನ್ನು ಗಾಳಿ. ಸಾಮಾನ್ಯವಾಗಿ ಅದು ಪಶ್ಚಿಮದಿಂದ ಬರುತ್ತದೆ, ಅಂದರೆ ಬಾಸೆಲ್ ಕಡೆಗೆ ಹೋಗುವವರ ಮುಖಕ್ಕೇ. ಈಶಾನ್ಯದಿಂದ ಬರುವ ಒಣ ಚಳಿಗಾಳಿಗೆ ಅಲ್ಲಿಯವರು ‘ಬೀಸೆ’ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ಯಾರೋ ಕನ್ನಡದಲ್ಲೇ ಹೇಳಿದರೆಂದು ತಿರುಗಿ ನೋಡಿದ್ದೆ. ಅದು ಬೀಸುವ ದಿನ ಪಶ್ಚಿಮಕ್ಕೆ ಹೊರಟರೆ ಪುಕ್ಕಟೆ ಸವಾರಿ.

*ಆರು ಸಲ ಗಡಿ ದಾಟುವುದೆಂದರೆ ವೀಸಾ ಗತಿ ಏನು? – ಹೆದರುಪುಕ್ಕಲ*

ಹೆದರಬೇಡಿ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ 2008ರ ಡಿಸೆಂಬರ್‌ನಿಂದ ಷೆಂಗೆನ್ ವ್ಯವಸ್ಥೆಯಲ್ಲಿದೆ, ಅಂದರೆ ತಮ್ಮ ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ಪಾಸ್‌ಪೋರ್ಟ್ ನೋಡದ ಯುರೋಪಿನ ದೇಶಗಳ ಕೂಟದಲ್ಲಿ. ಎರಡೂ ಕಡೆಗೆ ಒಂದೇ ಷೆಂಗೆನ್ ವೀಸಾ ಸಾಕು. ಆದರೂ ತಪಾಸಣೆ ನಡೆಯಬಹುದು. ಪಾಸ್‌ಪೋರ್ಟಿನ ಮೂಲಪ್ರತಿಯೇ ಜೊತೆಗಿರಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಬೆವರು ಮಳೆಗಿಂತ ಕೆಟ್ಟದ್ದು. ಫ್ರಾಂಕ್, ಯೂರೊ ಎರಡೂ ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳಿ.

ನಿಜವಾಗಿ ಹೆದರಬೇಕಾದದ್ದು ಮೊಬೈಲಿಗೆ. ಜರ್ಮನಿಯ ದಂಡೆಯಲ್ಲಿ ನಿಂತಾಗಲೂ ಅದು ಎದುರು ದಂಡೆಯ ಸ್ವಿಸ್ ಗೋಪುರಕ್ಕೆ ಗಂಟು ಬೀಳುತ್ತದೆ. ಹೊರದೇಶದಲ್ಲೂ ತವರಿನ ದರದಲ್ಲೇ ಮೊಬೈಲ್ ಬಳಸಬಹುದೆಂಬ ಒಕ್ಕೂಟದ ರೋಮಿಂಗ್ ನಿಯಮ ಸ್ವಿಟ್ಜರ್ಲೆಂಡಿಗೆ ಅನ್ವಯಿಸುವುದಿಲ್ಲ. ಹೀಗೆ ಒಂದು ಮಧ್ಯಾಹ್ನ ನಕ್ಷೆ ನೋಡಿದ್ದಕ್ಕೆ ನನಗೆ ಬಂದ ಬಿಲ್ಲಿನಲ್ಲಿ ಎರಡು ಹೊಸ ಟೈರ್ ಬರುತ್ತಿದ್ದವು. ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಡೇಟಾ ಮುಚ್ಚಿಬಿಡಿ. ತುರ್ತು ಕರೆಗೆ ಎರಡೂ ದೇಶಗಳಲ್ಲಿ 112.

ಯಾವ ದೇಶದಲ್ಲಿದ್ದೇನೆ ಎಂಬ ಗೊಂದಲವಾದರೆ ಸೈಕಲ್ ದಾರಿಯ ಫಲಕ ನೋಡಿ. ಕೆಂಪು ಹಲಗೆಯ ಮೇಲೆ ಬಿಳಿ ಅಕ್ಷರವಿದ್ದರೆ ಸ್ವಿಟ್ಜರ್ಲೆಂಡ್, ಬಿಳಿಯ ಮೇಲೆ ಹಸಿರು ಅಕ್ಷರವಿದ್ದರೆ ಜರ್ಮನಿ. ಬ್ಯೂಸಿಂಗೆನ್‌ನಲ್ಲಿ ಮಾತ್ರ ಊರಿಗೇ ಗೊಂದಲ. 1918ರಲ್ಲಿ ನಡೆದ ಮತದಾನದಲ್ಲಿ ಆ ಊರಿನ ಶೇಕಡಾ 96ರಷ್ಟು ಜನ ಸ್ವಿಟ್ಜರ್ಲೆಂಡಿಗೆ ಸೇರುತ್ತೇವೆಂದರು, ಆದರೂ ಊರು ಜರ್ಮನಿಯಲ್ಲೇ ಉಳಿಯಿತು. ಅದಕ್ಕೆ ಎರಡೂ ದೇಶಗಳ ಅಂಚೆ ಸಂಖ್ಯೆಗಳಿವೆ. 1980ರಲ್ಲಿ ಜರ್ಮನಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು, ಸ್ವಿಟ್ಜರ್ಲೆಂಡ್ ಇಡಲಿಲ್ಲ. ಬ್ಯೂಸಿಂಗೆನ್ ತನ್ನ ಗಡಿಯಾರವನ್ನು ಮುಟ್ಟಲಿಲ್ಲ. ತನ್ನದೇ ದೇಶಕ್ಕಿಂತ ಒಂದು ಗಂಟೆ ಹಿಂದೆ ಬಾಳಿದ ಊರು.

*ನನ್ನ ಸೈಕಲ್ಲಿಗೆ 25 ಮಿಲಿಮೀಟರ್ ಟೈರ್. ಸಾಕೇ?*

28 ಹಾಕಿಸಿ. ಸ್ವಿಟ್ಜರ್ಲೆಂಡಿನ 2ನೇ ಸಂಖ್ಯೆಯ ರೈನ್ ಮಾರ್ಗ ಡಾಂಬರಿನಲ್ಲೇ ಇರುತ್ತದೆಂದು ನಂಬಿ ನಾನು ಕಾಡಿನ ನಡುವೆ ಜಲ್ಲಿಯಲ್ಲಿ ಸಿಕ್ಕಿಬಿದ್ದೆ. ಇದ್ದ ಒಂದೇ ಟ್ಯೂಬ್ ಬದಲಿಸಿ ಎರಡನೆಯ ಪಂಕ್ಚರಿಗೆ ಐದು ಕಿಲೋಮೀಟರ್ ನಡೆದೆ. ಹಳದಿ ಫಲಕಗಳು ನಡೆಯುವವರಿಗೆ, ಅವುಗಳ ಹಿಂದೆ ಹೋಗಲೇಬೇಡಿ.

*ನಾನು ಒಬ್ಬಳೇ ಹೋಗುತ್ತಿದ್ದೇನೆ. ಯಾವುದಕ್ಕೆ ಎಚ್ಚರದಿಂದಿರಬೇಕು?*

ಜನರಿಗಲ್ಲ, ಬಲಕ್ಕೆ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಹೋಗಬೇಕು ಎಂಬುದು ಗೊತ್ತಿರುತ್ತದೆ. ಮರೆತುಹೋಗುವುದು ಇನ್ನೊಂದು ನಿಯಮ: ಹಳ್ಳಿಯೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಓಣಿಯಿಂದ ಟ್ರ್ಯಾಕ್ಟರ್ ಬಂದರೂ ಅದು ನಿಲ್ಲುವುದಿಲ್ಲ, ನೀವೇ ನಿಲ್ಲಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ತಿಂಡಿ ಶನಿವಾರವೇ ಕೊಂಡಿಡಿ. ನೀರಿನ ಚಿಂತೆ ಬೇಡ, ಸ್ವಿಸ್ ಹಳ್ಳಿಗಳಲ್ಲಿ ಕಲ್ಲಿನ ತೊಟ್ಟಿಗೆ ನೀರು ಸದಾ ಬೀಳುತ್ತಿರುತ್ತದೆ. ‘ಕೈನ್ ಟ್ರಿಂಕ್‌ವಾಸರ್’ (ಕುಡಿಯುವ ನೀರಲ್ಲ) ಎಂಬ ಫಲಕ ಇಲ್ಲದಿದ್ದರೆ ಕುಡಿಯಬಹುದು.

*ಎರಡು ದೇಶಗಳು ಸೇರಿ ಸೇತುವೆ ಕಟ್ಟುವಾಗ ಎತ್ತರ ತಪ್ಪಿತಂತೆ. ಕಟ್ಟುಕಥೆಯೇ?*

ಅಲ್ಲ, ಲೌಫೆನ್‌ಬುರ್ಗ್‌ನಲ್ಲಿ ನಡೆದದ್ದು. ನೆಪೋಲಿಯನ್ ಕಾಲದಲ್ಲಿ ನದಿಯನ್ನೇ ಗಡಿ ಮಾಡಿದಾಗ ಎರಡು ಹೋಳಾದ ಊರು ಅದು. ಸಮುದ್ರಮಟ್ಟದ ಲೆಕ್ಕಕ್ಕೆ ಜರ್ಮನಿ ಉತ್ತರ ಸಮುದ್ರವನ್ನೂ ಸ್ವಿಟ್ಜರ್ಲೆಂಡ್ ಮೆಡಿಟರೇನಿಯನ್ನನ್ನೂ ಹಿಡಿಯುತ್ತವೆ. ಎರಡರ ನಡುವೆ 27 ಸೆಂಟಿಮೀಟರ್ ವ್ಯತ್ಯಾಸ. ಇದು ಎಂಜಿನಿಯರುಗಳಿಗೆ ಗೊತ್ತಿತ್ತು, ಸರಿಪಡಿಸಲೂ ಹೊರಟರು. ಆದರೆ ಕಳೆಯಬೇಕಾದಲ್ಲಿ ಕೂಡಿಬಿಟ್ಟರು! 2003ರಲ್ಲಿ ನೋಡಿದರೆ ಎರಡು ದಂಡೆಗಳ ನಡುವೆ 54 ಸೆಂಟಿಮೀಟರ್ ಅಂತರ. ಜರ್ಮನಿಯ ಕಡೆ ತಗ್ಗಿಸಿ ಸರಿ ಮಾಡಿದರು. ಸೈಕಲ್ ಹತ್ತಿ ಮೂರು ಸಲ ಆಚೆ ಈಚೆ ಓಡಾಡಿ ಆ ಅರ್ಧ ಮೀಟರನ್ನು ಹುಡುಕಿದ್ದೇನೆ. ಸೇತುವೆಯಲ್ಲಿ ಅದು ಎಲ್ಲಿಯೂ ಸಿಗಲಿಲ್ಲ. ಕಾವಲಿಗೆ ನಿಂತಿದ್ದ ಗಡಿ ಸಿಬ್ಬಂದಿ ಮಾತ್ರ ಮೂರನೆಯ ಸಲ ಕೈಯೆತ್ತಿ ನಿಲ್ಲಿಸಿ ಪಾಸ್‌ಪೋರ್ಟ್ ಕೇಳಿದರು.