ಹೆಂಚು ಎಣಿಸಬೇಡಿ

ಪ್ರಶ್ನೆ: ಮೇಡಂ, ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಹೋಗಿ ಹಳೇ ಹೆಂಚಿನ ಮನೆಗಳನ್ನು ವಾಟರ್ ಕಲರ್‌ನಲ್ಲಿ ಬರೆಯುತ್ತೇನೆ. ಜೊತೆಗೆ ಬರುವ ಗೆಳೆಯ 20 ನಿಮಿಷದಲ್ಲಿ ಮುಗಿಸಿ ಇಡ್ಲಿ ತಿನ್ನಲು ಹೊರಟುಬಿಡುತ್ತಾನೆ. ನನಗೆ ಎರಡು ಗಂಟೆ ಬೇಕು. ಅಷ್ಟರಲ್ಲಿ ನೆರಳೇ ಜಾಗ ಬದಲಿಸಿರುತ್ತದೆ. ಕೈ ಬೇಗ ಓಡಲು ಏನು ಮಾಡಬೇಕು? ಒಂದು ಚಿತ್ರ ಕಳಿಸಿದ್ದೇನೆ.
– ಓದುಗ, ವಿಜಯನಗರ

ಉತ್ತರ: ಚಿತ್ರ ನೋಡಿದೆ. ಹೆಂಚು ಎಣಿಸುತ್ತಾ ಹೋಗಿ 140ಕ್ಕೆ ನಿಲ್ಲಿಸಿದೆ. ಇನ್ನೂ ಅರ್ಧ ಮಾಡು ಬಾಕಿ ಇತ್ತು! ಕೈಯದ್ದೇನೂ ತಪ್ಪಿಲ್ಲ. ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ಆ ಹೆಂಚುಗಳೇ ತಿಂದಿವೆ.

ಮುಂದಿನ ಸಲ ಹೀಗೆ ಮಾಡಿ. ಹೋದ ತಕ್ಷಣ ಪೆನ್ಸಿಲ್ ತೆಗೆಯಬೇಡಿ. ಕಣ್ಣು ಅರ್ಧ ಮುಚ್ಚಿ ಮನೆಯನ್ನು ನೋಡಿ. ಸಣ್ಣಪುಟ್ಟದ್ದೆಲ್ಲ ಮಸುಕಾಗಿ ಎರಡೋ ಮೂರೋ ದೊಡ್ಡ ಆಕಾರ ಉಳಿಯುತ್ತವೆ: ಮಾಡು, ಬಿಸಿಲು ಬಿದ್ದ ಗೋಡೆ, ಸೂರಿನ ಕೆಳಗಿನ ಕತ್ತಲು. ಪೆನ್ಸಿಲ್‌ನಲ್ಲಿ ಅಷ್ಟನ್ನೇ ಹಾಕಿ, ಮೂರು ನಿಮಿಷ ಸಾಕು. ಸ್ಕೇಲ್ ಬೇಡವೇ ಬೇಡ. ಹಳೇ ಮನೆಯ ತೊಲೆ ಬಾಗಿರುತ್ತದೆ, ಅದರ ಜೊತೆ ಮಾಡಿನ ನೆತ್ತಿಯ ಗೆರೆಯೂ ಮಧ್ಯದಲ್ಲಿ ಸ್ವಲ್ಪ ಜಗ್ಗಿರುತ್ತದೆ. ಆ ಜಗ್ಗು ಬಂದರೆ ಮನೆಗೆ ಅರ್ಧ ವಯಸ್ಸು ಅಲ್ಲೇ ಬಂತು. ನಿಮ್ಮ ಚಿತ್ರದಲ್ಲಿ ಅದು ನೆಟ್ಟಗಿದೆ, ಹಾಗಾಗಿ ಮನೆ ಹೊಸ ರೆಸಾರ್ಟ್ ಥರ ಕಾಣುತ್ತಿದೆ.

ನೆರಳಿನ ಅಂಚನ್ನೂ ಆಗಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಸೂರ್ಯ ಎಲ್ಲಿಗೆ ಬೇಕಾದರೂ ಹೋಗಲಿ, ನೀವು ಆ ಗುರುತನ್ನು ಬಿಡಬೇಡಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಎರಡು ಗಂಟೆಗೆ 30. ಎಂಟು ಗಂಟೆಯ ನೆರಳು ಬಾಗಿಲ ಹತ್ತಿರ, ಹತ್ತು ಗಂಟೆಯ ನೆರಳು ಕಿಟಕಿ ಹತ್ತಿರ, ಎರಡೂ ಒಂದೇ ಹಾಳೆಯಲ್ಲಿ. ನಿಮ್ಮ ಮನೆಗೆ ಎರಡು ಸೂರ್ಯ ಇದ್ದಾರೆ, ಗಮನಿಸಿದಿರಾ?

ಬಣ್ಣಕ್ಕೆ ಬನ್ನಿ. ಸುಣ್ಣದ ಗೋಡೆಗೆ ಬಿಸಿಲು ಬಿದ್ದಿದ್ದರೆ ಅಲ್ಲಿ ಏನೂ ಹಚ್ಚಬೇಡಿ, ಹಾಳೆಯ ಬಿಳುಪೇ ಸುಣ್ಣ. ಮಾಡಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ, ದೊಡ್ಡ ಬ್ರಷ್‌ನಲ್ಲಿ ಒಂದೇ ಸಲಕ್ಕೆ. ಅದು ಒದ್ದೆ ಇರುವಾಗಲೇ ಅಲ್ಲೊಂದು ಇಲ್ಲೊಂದು ಕಡೆ ಓಕರ್ (ಮಣ್ಣಿನ ಹಳದಿ), ಪಾಚಿ ಹಿಡಿದ ಕಡೆ ಚೂರು ನೀಲಿ ಇಳಿಬಿಡಿ. ಅವು ತಾವೇ ಬೆರೆಯುತ್ತವೆ, ನೀವು ಕದಡಲು ಹೋಗಬೇಡಿ.

ಒಣಗಿತೇ ಎಂದು ಬೆರಳಲ್ಲಿ ಒತ್ತಬೇಡಿ, ಅಂಗೈಯ ಹಿಂಭಾಗ ತಾಗಿಸಿ. ತಣ್ಣಗಿದ್ದರೆ ಇನ್ನೂ ಒದ್ದೆ ಎಂದರ್ಥ. ಏಪ್ರಿಲ್ ಬಿಸಿಲಲ್ಲಿ ಬ್ರಷ್ ತೊಳೆಯುವಷ್ಟರಲ್ಲಿ ಒಣಗುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಾದರೆ ಸುಮ್ನೆ ಕಾಯಬೇಕು. ಆಗ ನಿಮ್ಮ ಗೆಳೆಯನ ಜೊತೆ ಇಡ್ಲಿಗೆ ಹೋಗಿ ಬರಬಹುದು.

ಒಣಗಿದ ಮೇಲೆ ನೆರಳು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಒಳ್ಳೆ ಬೂದು ಬರುತ್ತದೆ, ನೀಲಿ ಸ್ವಲ್ಪ ಜಾಸ್ತಿ ಇರಲಿ. ಸೂರಿನಡಿ, ಬಾಗಿಲು, ಜಗಲಿಯ ಪಕ್ಕ, ನೆಲ, ಎಲ್ಲವನ್ನೂ ಬ್ರಷ್ ಎತ್ತದೆ ಒಂದೇ ಓಟದಲ್ಲಿ ಬರೆಯಿರಿ. ಮನೆ ನೆಲದ ಮೇಲೆ ಕೂರುವುದು ಆ ಹೊತ್ತಿನಲ್ಲೇ. ನನಗೆ ಇವತ್ತಿಗೂ ಅದನ್ನು ನೋಡುವುದೆಂದರೆ ಖುಷಿ.

ಹೆಂಚು ಬರುವುದು ಕಟ್ಟಕಡೆಗೆ. ಸೂರಿನ ಅಂಚಿನಲ್ಲಿ ಒಂದು ಸಾಲು, ಒಡೆದ ಜಾಗದಲ್ಲಿ ಐದಾರು. ಅಷ್ಟೇ. ಆದರೆ ಯಾವ ಹೆಂಚು ಎಂದು ನೋಡಿ ಬರೆಯಿರಿ. ಕುಂಬಾರರು ಮಾಡುತ್ತಿದ್ದ ನಾಡಹೆಂಚು ಅರ್ಧ ಕೊಳವೆ ಥರ, ಸೂರಿನಲ್ಲಿ ಅದು ಅಲೆಅಲೆಯಾಗಿ ಕಾಣುತ್ತದೆ. ಮಂಗಳೂರು ಹೆಂಚು ಚಪ್ಪಟೆ, ಒಂದಕ್ಕೊಂದು ಕಚ್ಚಿಕೊಂಡು ನೆಟ್ಟಗೆ ಗೆರೆ ಎಳೆದ ಹಾಗೆ ಕೂರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಅದನ್ನು ಮಂಗಳೂರಿನಲ್ಲಿ ತಯಾರಿಸಲು ಶುರು ಮಾಡಿದ್ದು 1860ರ ದಶಕದಲ್ಲಿ. ನಮ್ಮ ಕಡೆ ಒಂದೇ ಮಾಡಿನಲ್ಲಿ ಎರಡೂ ಇರುವುದುಂಟು: ಮುಂದೆ ಮಂಗಳೂರಿನದು, ಹಿಂದಿನ ಕೊಟ್ಟಿಗೆ ಮೇಲೆ ನಾಡಿನದು. ನೀವು ಕಳಿಸಿದ ಚಿತ್ರದಲ್ಲೂ ಹಾಗೇ ಇದೆ ಅನಿಸುತ್ತದೆ, ಆದರೆ 140 ಹೆಂಚನ್ನೂ ಒಂದೇ ಥರ ಬರೆದಿದ್ದೀರಿ.

ಪ್ರಶ್ನೆ: ದುಬಾರಿ ವಿದೇಶಿ ಬಣ್ಣ ಕೊಳ್ಳಲೇಬೇಕಾ? ಪೇಪರ್ ಯಾವುದು?
– ಓದುಗರು, ಮಲ್ಲೇಶ್ವರ

ಉತ್ತರ: ದುಡ್ಡಿದ್ದರೆ ಪೇಪರ್‌ಗೆ ಹಾಕಿ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ; ಹತ್ತಿಯದ್ದಾದರೆ ಇನ್ನೂ ಒಳ್ಳೆಯದು. 22×30 ಇಂಚಿನ ಒಂದು ದೊಡ್ಡ ಹಾಳೆ ತಂದು ಎಂಟು ತುಂಡು ಮಾಡಿ. ಒಂದೊಂದೂ 7.5×11 ಇಂಚು, ತೊಡೆ ಮೇಲೆ ಇಟ್ಟುಕೊಂಡು ಬರೆಯಲು ಸರಿಯಾದ ಅಳತೆ. ತೆಳು ಡ್ರಾಯಿಂಗ್ ಶೀಟ್ ನೀರು ಬಿದ್ದ ಕೂಡಲೇ ಹಪ್ಪಳದ ಹಾಗೆ ಏಳುತ್ತದೆ.

ಬಣ್ಣ ಐದು ಸಾಕು: ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಲೈಟ್ ರೆಡ್, ಅಲ್ಟ್ರಾಮರೀನ್, ಮತ್ತೆ ಗಿಡಮರಕ್ಕೆ ಒಂದು ತಿಳಿ ಹಳದಿ. ಕಪ್ಪು ಟ್ಯೂಬ್ ಮನೆಯಲ್ಲೇ ಇರಲಿ. ಸಿಯೆನ್ನಾ ಎನ್ನುವುದು ಇಟಲಿಯ ಒಂದು ಊರಿನ ಹೆಸರಿಂದ ಬಂದದ್ದು. ಅಲ್ಲಿನ ಮಣ್ಣನ್ನು ಸುಟ್ಟರೆ ಈ ಬಣ್ಣ, ನಮ್ಮ ಕೆರೆಯ ಜೇಡಿಮಣ್ಣನ್ನು ಸುಟ್ಟರೆ ಹೆಂಚು. ಎರಡಕ್ಕೂ ಕೆಂಪು ಕೊಡುವುದು ಒಳಗಿರುವ ಕಬ್ಬಿಣ. ಅದಕ್ಕೇ ಹೆಂಚಿಗೆ ಈ ಬಣ್ಣ ಅಷ್ಟು ಚೆನ್ನಾಗಿ ಒಪ್ಪುವುದು.

ಪ್ರಶ್ನೆ: ಹಳ್ಳಿಗೆ ಹೋಗಿ ಕೂತರೆ ಜನ ಸುತ್ತುವರಿಯುತ್ತಾರೆ, ಅನುಮಾನದಿಂದ ನೋಡುತ್ತಾರೆ. ಫೋಟೋ ತೆಗೆದು ತಂದು ಮನೆಯಲ್ಲಿ ಬರೆದರೆ ಆಗಲ್ವಾ?
– ಓದುಗಿ, ಬನಶಂಕರಿ

ಉತ್ತರ: ಹೊಸಕೋಟೆ ಹತ್ತಿರ ಒಂದು ಮನೆ ಎದುರು ನಾನು ಸ್ಟೂಲ್ ಹಾಕಿ ಕೂತಿದ್ದೆ. ಒಳಗಿಂದ ಒಬ್ಬ ಅಜ್ಜಿ ಬಂದು, "ಯಾವ ಆಫೀಸಿಂದ ಬಂದಿದೀಯವ್ವಾ? ಸರ್ವೆನಾ?" ಎಂದರು. ರಸ್ತೆ, ಲೇಔಟ್ ಬಂದ ಕಡೆಯೆಲ್ಲ ಕಾಗದ ಹಿಡಿದು ಮನೆ ನೋಡುವವರು ಎಂದರೆ ಜನಕ್ಕೆ ಒಂದೇ ಅರ್ಥ. ತಪ್ಪು ನನ್ನದೇ, ಕೇಳದೆ ಕೂತಿದ್ದೆ. "ಇಲ್ಲ ಕಣಜ್ಜಿ, ಸ್ಕೂಲಲ್ಲಿ ಡ್ರಾಯಿಂಗ್ ಮಿಸ್ ಆಗಿದ್ದೆ, ನಿಮ್ಮನೆ ಚೆನ್ನಾಗಿದೆ" ಎಂದೆ. "ಏನ್ ಚೆನ್ನಾಗಿದೆ, ಸೋರ್ತದೆ" ಎಂದರು. ಆಮೇಲೆ ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಅವತ್ತಿಂದ ಮೊದಲು ಬಾಗಿಲ ಹತ್ತಿರ ಹೋಗಿ ಕೇಳುತ್ತೇನೆ. ಮಕ್ಕಳು ಮುತ್ತಿಕೊಂಡರೆ ಒಂದು ಹಾಳೆ, ಒಂದು ಪೆನ್ಸಿಲ್ ಅವರ ಕೈಗೂ ಕೊಡಿ.

ಫೋಟೋ ತೆಗೆಯಿರಿ, ಬೇಡ ಎನ್ನಲ್ಲ. ಆದರೆ ಫೋನು ಸೂರಿನಡಿಯ ನೆರಳನ್ನು ಎಷ್ಟೋ ಸಲ ಬರೀ ಕಪ್ಪು ಮಾಡಿಬಿಡುತ್ತದೆ. ಅಲ್ಲೇ ನಿಂತು ನೋಡಿದರೆ ಆ ನೆರಳೊಳಗೆ ಅಂಗಳದ ಕೆಂಪು ಮಣ್ಣಿನ ಬೆಳಕು ಹೊಡೆದು ಗೋಡೆ ಬೆಚ್ಚಗೆ ಕಾಣುತ್ತದೆ. ಕಲಾವಿದ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದದ್ದೂ ಮರದ ಎದುರಿಗೇ ನಿಂತು.

ಇನ್ನೊಂದು ಮಾತು. ಡಿಸೆಂಬರ್‌ನಲ್ಲಿ ಉತ್ತರಕ್ಕೆ ಬಾಗಿಲಿರುವ ಮನೆಗೆ ಹೋಗಬೇಡಿ. ಸೂರ್ಯ ದಿನವಿಡೀ ದಕ್ಷಿಣದ ಕಡೆಯೇ ಇರುತ್ತಾನೆ, ಮುಂಗೋಡೆಗೆ ಬಿಸಿಲೇ ಬೀಳಲ್ಲ.

ಪ್ರಶ್ನೆ: ಮುಂದಿನ ತಿಂಗಳು ನಮ್ಮಜ್ಜಿ ಮನೆ ಕೆಡವುತ್ತಾರೆ. ನನಗೆ ಚಿತ್ರ ಅಷ್ಟಾಗಿ ಬರಲ್ಲ. ಪ್ರಯತ್ನಿಸಲಾ?
– ಓದುಗಿ, ಯಲಹಂಕ

ಉತ್ತರ: ಈ ವಾರವೇ ಹೋಗಿ. ಸಾಮಾನು ಸಾಗಿಸುವ ಮೊದಲೇ ಹೋಗಬೇಕು, ಖಾಲಿ ಮಾಡಿದ ಮನೆ ಬೇರೆಯೇ ಆಗಿಬಿಡುತ್ತದೆ. ಮುಂದಿನಿಂದ ಒಂದು, ಹಿತ್ತಲಿಂದ ಒಂದು, ಒಳಗೆ ತೊಟ್ಟಿ ಇದ್ದರೆ ಅಲ್ಲೊಂದು. ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಅಂಚಿನಲ್ಲಿ ಬರೆದಿಡಿ: ಗೋಡೆಯ ಬುಡಕ್ಕೆ ಕೆಮ್ಮಣ್ಣು ಎಷ್ಟು ಎತ್ತರ ಸಾರಿಸಿದ್ದರು, ರಾಗಿ ಕಲ್ಲು ಎಲ್ಲಿತ್ತು. ಬಣ್ಣದ ಡಬ್ಬಿ ಮರೆಯಬೇಡಿ. ನಮ್ಮ ತವರು ಮನೆ ಬೀಳಿಸುವ ಹಿಂದಿನ ದಿನ ನನ್ನ ಕೈಯಲ್ಲಿ ಬರೀ ಪೆನ್ಸಿಲ್ ಇತ್ತು. ಬಾಗಿಲು ಹಸಿರೋ ನೀಲಿಯೋ ಎಂದು ನಾನೂ ನನ್ನ ತಮ್ಮನೂ ಈಗಲೂ ಪ್ರತಿ ಹಬ್ಬಕ್ಕೆ ಜಗಳ ಆಡುತ್ತೇವೆ.