ಹುತಾತ್ಮ ಯೋಧರ ಕುಟುಂಬಗಳಿಗಾಗಿ ನಮ್ಮೂರಲ್ಲೇ ಒಂದು ಟ್ರಸ್ಟ್ ಶುರು ಮಾಡಬೇಕು, ಹೇಗೆ?

ಮಾಡಬೇಡಿ. ಸದ್ಯಕ್ಕಂತೂ ಬೇಡ.

ಊರಿನ ಯೋಧನ ಅಂತ್ಯಕ್ರಿಯೆ ಆಗಿ ಇನ್ನೂ ತಿಂಗಳಾಗಿಲ್ಲ, ಗೆಳೆಯರು ಸೇರಿ ಒಂದಿಷ್ಟು ದುಡ್ಡು ಕೂಡಿಸಿದ್ದೀರಿ, ಅದನ್ನೇ ಮೂಲ ಮಾಡಿಕೊಂಡು ಟ್ರಸ್ಟ್ ನೋಂದಾಯಿಸಬೇಕು ಅಂತ ಬರೆದಿದ್ದೀರಿ. ಓದುತ್ತಿದ್ದರೆ ನಮ್ಮ ಹುಡುಗರ ಗುಂಪೇ ಕಣ್ಣಮುಂದೆ ಬಂತು. ನಮ್ಮದು ಬೆಳಗಾವಿ ಜಿಲ್ಲೆ, ಓಣಿಗೆ ನಾಲ್ಕು ಮಂದಿ ಮಿಲಿಟರಿಯಲ್ಲಿರುವ ಊರು. ನನ್ನ ಜೊತೆ ಹೈಸ್ಕೂಲು ಓದಿದವನು ಕಾಶ್ಮೀರದಲ್ಲಿ ಗುಂಡಿಗೆ ಬಲಿಯಾದ. ಮಣ್ಣು ಮುಗಿದ ರಾತ್ರಿಯೇ ವಾಟ್ಸಾಪ್ ಗುಂಪು ಹುಟ್ಟಿತು. ಮರುದಿನ ನನ್ನ ಉಳಿತಾಯ ಖಾತೆಯ ಕ್ಯೂಆರ್ ಕೋಡ್ ಊರೆಲ್ಲ ಓಡಾಡಿತು. ಪುಣೆಯಲ್ಲಿರುವವರು, ದುಬೈಯಲ್ಲಿರುವವರು, ಎಲ್ಲರೂ ಹಾಕಿದರು. ಎರಡೂವರೆ ಲಕ್ಷ ದಾಟಿತು.

ಆ ಚೆಕ್ಕನ್ನು ಅವನ ಅಪ್ಪನ ಹೆಸರಿಗೆ ಬರೆದೆವು. ಎಡವಿದ್ದು ಅಲ್ಲೇ.

ಅದರಲ್ಲೇನು ತಪ್ಪು ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು. ಅಪ್ಪ ಊರಲ್ಲೇ ಇದ್ದರು, ಮಗನನ್ನು ಕಳೆದುಕೊಂಡಿದ್ದರು, ಸೊಸೈಟಿಯಲ್ಲಿ ಬೆಳೆಸಾಲ ಇತ್ತು. ಅವನ ಹೆಂಡತಿ ಸಣ್ಣ ಮಗುವನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದಳು. ಶಾಲೆ ಮೈದಾನದಲ್ಲಿ ಶಾಮಿಯಾನ ಹಾಕಿದೆವು. ಥರ್ಮಾಕೋಲಿನ ದೊಡ್ಡ ಚೆಕ್ಕಿನ ಒಂದು ತುದಿ ನಾಯಕರ ಕೈಯಲ್ಲಿ, ಇನ್ನೊಂದು ತುದಿ ಅಪ್ಪನ ಕೈಯಲ್ಲಿ. ಫೋಟೋ ತೆಗೆದೆವು, ಸ್ಟೇಟಸ್ ಹಾಕಿದೆವು. ಸೊಸೆಗೆ ವಿಷಯ ಗೊತ್ತಾಗಿದ್ದು ಆ ಸ್ಟೇಟಸ್ ನೋಡಿ. ಫೋನ್ ಮಾಡಿದಳು. "ನನ್ನ ಹೆಸರ ಹೇಳಿ ರೊಕ್ಕ ಕೂಡಿಸಿದ್ರಿ, ನನ್ನ ಒಂದ್ ಮಾತು ಕೇಳಲಿಲ್ಲಲ್ರಿ ಅಣ್ಣಾ" ಅಂದಳು. ನಿಜ. ನಮ್ಮ ಪೋಸ್ಟರಿನಲ್ಲಿ ಅವಳ ಮತ್ತು ಮಗುವಿನ ಫೋಟೋ ಇತ್ತು. ಕೊಟ್ಟವರು ಕೊಟ್ಟಿದ್ದೇ ಆ ಮಗುವಿನ ಮುಖ ನೋಡಿ.

ಅಪ್ಪನಿಗೆ ಕೊಟ್ಟಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ, ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಕುಟುಂಬ ಪಿಂಚಣಿ ಹೆಂಡತಿಗೆ ಹೋಗುತ್ತದೆ. ವಿಮೆ ದುಡ್ಡು ಅವನು ನಾಮಿನಿ ಅಂತ ಯಾರ್‍ಯಾರ ಹೆಸರು ಬರೆಸಿದ್ದನೋ ಅವರಿಗೆ. ಎಷ್ಟೋ ಮನೆಗಳಲ್ಲಿ ಹೆತ್ತವರಿಗೆ 'ನಮಗೇನೂ ಇಲ್ಲ' ಅನ್ನುವ ನೋವು ಇರುತ್ತದೆ, ಅದೂ ಸುಳ್ಳಲ್ಲ. ನಾವು ಯಾರನ್ನೂ ಕೇಳದೆ ಒಬ್ಬರ ಪಕ್ಷ ಹಿಡಿದುಬಿಟ್ಟೆವು. ಸೊಸೆಯನ್ನು ಬೇರೆ, ಅತ್ತೆ ಮಾವನನ್ನು ಬೇರೆ ಕೂರಿಸಿ ಕೇಳಿದ್ದರೆ ಅರ್ಧ ಮಗುವಿನ ಹೆಸರಲ್ಲಿ ಠೇವಣಿ, ಇನ್ನರ್ಧ ಸಾಲಕ್ಕೆ ಅಂತ ಒಂದೇ ಸಂಜೆಯಲ್ಲಿ ಮುಗಿಯುತ್ತಿತ್ತು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ವಿಚಾರಿಸಿದ್ದರೂ ಸಾಕಿತ್ತು. ಶಾಮಿಯಾನದ ಅವಸರ ನಮಗೆ.

ಅಸಲಿ ಪೆಟ್ಟು ಬಿದ್ದಿದ್ದು ಆಮೇಲೆ. ಅವಳ ಪಿಂಚಣಿ ಕಾಗದ ನಿಂತುಹೋಯಿತು. ಮದುವೆಯಲ್ಲಿ ಅವಳ ಹೆಸರು ಬದಲಾಯಿಸಿದ್ದರು, ನಮ್ಮ ಕಡೆ ಇದು ಮಾಮೂಲು. ಸೈನ್ಯದ ದಾಖಲೆಯಲ್ಲಿ ಮದುವೆಯ ಹೆಸರು, ಆಧಾರ್‌ನಲ್ಲಿ ತವರಿನ ಹೆಸರು. ಇಬ್ಬರೂ ಒಬ್ಬಳೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕು, ಜೊತೆಗೆ ಲಗ್ನಪತ್ರಿಕೆ, ಮದುವೆ ಸರ್ಟಿಫಿಕೇಟ್ ಇಡಬೇಕು. ಅವೆಲ್ಲ ಇದ್ದಿದ್ದು ಅವನ ಕಪ್ಪು ಟ್ರಂಕಿನಲ್ಲಿ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಅವನ ನಂಬರು, ರ್‍ಯಾಂಕು, ಹೆಸರು. ಟ್ರಂಕು ಅತ್ತೆ ಮನೆಯಲ್ಲಿ, ಕೀಲಿ ಸೊಸೆಯ ಹತ್ತಿರ. ಚೆಕ್ಕಿನ ಜಗಳ ಆದಮೇಲೆ ಇವರು ಟ್ರಂಕು ಕೊಡಲಿಲ್ಲ, ಅವಳು ಕೀಲಿ ಕೊಡಲಿಲ್ಲ. ನಾನು ನಡುವೆ ಹೋದರೆ ಅವಳಿಗೆ ನಾನು ಮಾವನ ಕಡೆಯವನು. ಮಳೆಗಾಲ ಪೂರ್ತಿ ಹೀಗೇ ಕಳೆಯಿತು.

ಕೊನೆಗೆ ನಮ್ಮೂರ ನಿವೃತ್ತ ಸುಬೇದಾರ ಕಾಕಾ ಎರಡೂ ಮನೆಗೆ ಹೋಗಿ ಕೂತು ಟ್ರಂಕು ತೆಗೆಸಿದರು. ನಮ್ಮ ಗುಂಪಿಗೆ ಅವರು ಹೇಳಿದ್ದು ಒಂದೇ: "ರೊಕ್ಕ ಕೊಡೋರು ಭಾಳ ಮಂದಿ ಬಂದ್ರು, ಫಾರಂ ತುಂಬೋರು ಒಬ್ಬರೂ ಬರಲಿಲ್ಲ." ಕಾಗದಗಳೆಲ್ಲ ಹೋಗಬೇಕಾದದ್ದು ಊಟಿ ಹತ್ತಿರದ ವೆಲ್ಲಿಂಗ್ಟನ್‌ಗೆ, ಮದ್ರಾಸ್ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಎರಡೂವರೆ ಲಕ್ಷ ಕೂಡಿಸಿದ ನಮಗೆ ಅಷ್ಟೂ ಗೊತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಆ ಮನೆಗೆ ಈಗ ಬೇಕಿರುವುದು ಟ್ರಸ್ಟ್ ಅಲ್ಲ. ಒಬ್ಬ ಮನುಷ್ಯ. ಫೈಲು ಹಿಡಿದು ಜೊತೆಗೆ ಬರುವವನು.

ಮೊದಲು ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಸಾವನ್ನು ಬ್ಯಾಟಲ್ ಕ್ಯಾಶುವಾಲ್ಟಿ (ಕಾರ್ಯಾಚರಣೆಯಲ್ಲಾದ ಸಾವು) ಅಂತ ಬರೆದಿದ್ದಾರೋ, ಫಿಸಿಕಲ್ ಕ್ಯಾಶುವಾಲ್ಟಿ (ಬೇರೆ ಕಾರಣದ ಸಾವು) ಅಂತಲೋ? ಎಲ್ಲವೂ ಇದರ ಮೇಲೆ ನಿಂತಿದೆ. ಉಗ್ರರ ಜೊತೆಗಿನ ಕಾರ್ಯಾಚರಣೆಯಲ್ಲಿ ಸತ್ತರೆ ಹೆಂಡತಿಗೆ ಕೊನೆಯ ಸಂಬಳದಷ್ಟೇ ಪಿಂಚಣಿ. ಸೇವೆಗೆ ಸಂಬಂಧಪಟ್ಟ ಬೇರೆ ಸಾವಾದರೆ ಶೇ. 60. ಸಂಬಂಧ ಇಲ್ಲ ಅಂತಾದರೆ ಮೊದಲ ಹತ್ತು ವರ್ಷ ಶೇ. 50, ಆಮೇಲೆ ಶೇ. 30. ರಜೆಗೆ ಬಂದಾಗ ಹೃದಯಾಘಾತದಲ್ಲಿ ಹೋದ ಜವಾನನ ಮನೆಗೆ ಮೆರವಣಿಗೆಯೂ ಇಲ್ಲ, ಕ್ಯೂಆರ್ ಕೋಡೂ ಇಲ್ಲ. ನಿಮ್ಮ ತಾಲೂಕಿನಲ್ಲಿ ಅಂಥ ಮನೆ ಖಂಡಿತ ಇರುತ್ತದೆ. ಹುಡುಕಿ ನೋಡಿ.

ದುಡ್ಡು ಕೊಡಲೇಬೇಕು ಅನ್ನುವವರಿಗೆ ದಾರಿ ಈಗಾಗಲೇ ಇದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಸಿಕ್ಕಿಕೊಂಡಿದ್ದು ನೆನಪಿದೆಯಲ್ವಾ? ಆರು ದಿನ ಹಿಮದಡಿ ಜೀವ ಹಿಡಿದಿದ್ದ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಫೆಬ್ರವರಿ 11ಕ್ಕೆ ದೆಹಲಿಯಲ್ಲಿ ತೀರಿಕೊಂಡರು. ಆಗ ದೇಶದ ಮೂಲೆಮೂಲೆಯಿಂದ ಜನ ಆ ಕುಟುಂಬಗಳಿಗೆ ನೇರವಾಗಿ ದುಡ್ಡು ಕೊಡಲು ಮುಂದೆ ಬಂದರು. ಅದನ್ನು ನೋಡಿಯೇ 2017ರಲ್ಲಿ ಆರ್ಮಿ ಬ್ಯಾಟಲ್ ಕ್ಯಾಶುವಾಲ್ಟೀಸ್ ವೆಲ್ಫೇರ್ ಫಂಡ್ ಮಾಡಿದರು. ಮೊದಲು ಕುಟುಂಬಕ್ಕೆ 2 ಲಕ್ಷ ಕೊಡುತ್ತಿದ್ದರು, 2019ರಲ್ಲಿ 8 ಲಕ್ಷ ಮಾಡಿದರು. ಸಿಆರ್‌ಪಿಎಫ್, ಬಿಎಸ್‌ಎಫ್‌ನವರಿಗೆ 2017ರಲ್ಲೇ ಶುರುವಾದ ಭಾರತ್ ಕೆ ವೀರ್ ಅನ್ನುವ ನಿಧಿ ಬೇರೆ ಇದೆ. ಅದರಲ್ಲಿ ಒಬ್ಬ ಯೋಧನ ಹೆಸರಿಗೆ 15 ಲಕ್ಷದ ಮಿತಿ ಇಟ್ಟಿದ್ದಾರೆ, ಟಿವಿಯಲ್ಲಿ ಬಂದವರಿಗೆ ಮಾತ್ರ ಜಾಸ್ತಿ ಹೋಗಿ ಉಳಿದವರು ಬರಿಗೈಯಲ್ಲಿ ಇರಬಾರದಲ್ಲ. ನಮ್ಮ ಗುಂಪಿಗೆ ಈ ಬುದ್ಧಿ ಇರಲಿಲ್ಲ.

ಇನ್ನು ಡಿಸೆಂಬರ್ 7ರ ಧ್ವಜ ದಿನ. 1949ರಿಂದ ನಡೆಯುತ್ತಿದೆ. ಶಾಲೆಯಲ್ಲಿ ಚಿಕ್ಕ ಬಾವುಟ ಕೊಟ್ಟು ಚಿಲ್ಲರೆ ತಗೊಳ್ಳುತ್ತಿದ್ದರಲ್ಲ, ಅದೇ. ಹಾಗೆ ಕೂಡಿದ ಧ್ವಜ ದಿನದ ನಿಧಿಯಿಂದ ಪುಣೆ ಹತ್ತಿರದ ಖಡ್ಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿರುವ ಮಾಜಿ ಸೈನಿಕರ ಕೇಂದ್ರಕ್ಕೂ ನೆರವು ಹೋಗುತ್ತದೆ. ಪಿಂಚಣಿ ಇಲ್ಲದ, 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ತಿಂಗಳ ನೆರವು ಬರುವುದೂ ಅಲ್ಲಿಂದಲೇ. 2025ರ ನವೆಂಬರ್‌ನಿಂದ ಅದು 4,000 ಇದ್ದದ್ದು 8,000 ಆಗಿದೆ. ಎಷ್ಟು ಅಜ್ಜಿಯರಿಗೆ ಇದು ಗೊತ್ತಿದೆ ಹೇಳಿ? ನಮ್ಮ ಪಕ್ಕದ ಹಳ್ಳಿಯಲ್ಲಿ ಒಬ್ಬರು ಗಂಡ ಸೈನ್ಯ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕನ್ನು ದೇವರ ಜಗಲಿಯ ಮೇಲೆ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಅರ್ಜಿ ಹಾಕಲು ಬೇಕಿದ್ದದ್ದು ಅದೇ ಪುಸ್ತಕ. ಕುಂಕುಮ ಒರೆಸಿ ಜೆರಾಕ್ಸ್ ಮಾಡಿಸಿದೆವು.

ಟ್ರಸ್ಟ್‌ಗಳೇ ದಂಡ ಅಂತ ನನ್ನ ವಾದ ಅಲ್ಲ. 2007ರಲ್ಲಿ ಉರಿಯಲ್ಲಿ ಹುತಾತ್ಮರಾದ, ಅಶೋಕ ಚಕ್ರ ಪಡೆದ ಕರ್ನಲ್ ವಸಂತ್ ವೇಣುಗೋಪಾಲ್ ಅವರ ಪತ್ನಿ ಸುಭಾಷಿಣಿ ವಸಂತ್ ಬೆಂಗಳೂರಲ್ಲಿ ವಸಂತರತ್ನ ಫೌಂಡೇಷನ್ ಕಟ್ಟಿ ಇಂಥ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುತ್ತಿದ್ದಾರೆ. ಅವರಿಗೆ ಆ ಮನೆಗಳ ಒಳಗಿನದು ಗೊತ್ತು. ನಿಮಗೂ ನನಗೂ ಗೊತ್ತಿಲ್ಲ. ಸುಮ್ನೆ ಟ್ರಸ್ಟ್ ಡೀಡು, ಪ್ಯಾನು, ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ, ವರ್ಷಕ್ಕೊಂದು ಆಡಿಟ್ ಅಂತ ಓಡಾಡುವ ಹೊತ್ತಿಗೆ ನಿಮ್ಮ ಗುಂಪಿನಲ್ಲಿ ಅರ್ಧ ಜನ ಉಳಿದಿರುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ದುಡ್ಡು. ಅದು ನಿಮ್ಮ ಸ್ವಂತ ಖಾತೆಯಲ್ಲಿದ್ದರೆ ಇವತ್ತೇ ಲೆಕ್ಕ ಬರೆದು ಗುಂಪಿನಲ್ಲಿ ಹಾಕಿ. ಹೆಂಡತಿಯನ್ನೂ ಹೆತ್ತವರನ್ನೂ ಬೇರೆಬೇರೆ ಕೇಳಿ, ನಿಮ್ಮೂರ ಹಿರಿಯ ಮಾಜಿ ಸೈನಿಕರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಚೆಕ್ಕನ್ನು ಮನೆಯಲ್ಲೇ ಕೊಡಿ, ವೇದಿಕೆ ಬೇಡ. ನಾಯಕರು ಕೇಳಿದರೂ ಬೇಡ. ಆಮೇಲೆ ಅವಳ ಆಧಾರ್, ಸೈನ್ಯದ ದಾಖಲೆ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆಯೇ ನೋಟರಿ ಹತ್ತಿರ ಹೋಗಿ.